ನಾರ್ಸೀಸಾಳ ಹಗುರ ವಾರ

ನಾರ್ಸೀಸಾ ನಮ್ಮ ಜಿಮ್ಮಿಗೆ ಮೊದಲ ಸಲ ಬಂದದ್ದು ಜಗಳಕ್ಕೆ. ಜಿಮ್ಮಿನ ಗೋಡೆಗೆ ಅಂಟಿಕೊಂಡೇ ಅವಳ ಅಡುಗೆಮನೆ. ನನ್ನ ಗಂಡ ಓಲ್ಮೆದೋನ ಹುಡುಗರು ಭಾರ ಎತ್ತಿ ನೆಲಕ್ಕೆ ಬಿಟ್ಟಾಗಲೆಲ್ಲ ಅವಳ ಕಪಾಟಿನಲ್ಲಿದ್ದ ತಟ್ಟೆಗಳು ಕುಣಿಯುತ್ತಿದ್ದವು. ಒಂದು ಸಂಜೆ ಒಡೆದ ಪಿಂಗಾಣಿ ಚೂರುಗಳನ್ನು ಬುಟ್ಟಿಯಲ್ಲಿ ತಂದು ಅವನ ಕಾಲ ಬಳಿ ಸುರಿದಳು.

"ಪ್ರೊಫೆ, ನಿಮ್ಮ ಹುಡುಗ್ರಿಗೆ ಎತ್ತೋದಷ್ಟೇ ಹೇಳ್ಕೊಟ್ಟಿದ್ದೀರಾ? ಇಳಿಸೋದು ಹೇಳ್ಕೊಟ್ಟಿಲ್ವಾ?"

ನಮ್ಮ ಊರು ಮಚಾಲಾದಲ್ಲಿ ಭಾರ ಎತ್ತಿಸುವವನೂ ಪ್ರೊಫೆಸರನೇ. ನನ್ನ ಗಂಡ ಶಾಲೆಗೆ ಹೋದದ್ದಕ್ಕಿಂತ ಶಾಲೆಯ ಬೇಲಿ ಹಾರಿದ್ದೇ ಹೆಚ್ಚು.

"ನೀನೇ ಇಳಿಸಿ ತೋರ್ಸಮ್ಮ" ಎಂದ ಅವನು ನಗುತ್ತ.

ಅವಳು ಬುಟ್ಟಿ ಪಕ್ಕಕ್ಕಿಟ್ಟು, ಹುಡುಗರು ಆಗಷ್ಟೇ ಬಿಟ್ಟಿದ್ದ ಭಾರದ ಸರಳನ್ನು ಎತ್ತಿ, ಮಗುವನ್ನು ತೊಟ್ಟಿಲಿಗೆ ಹಾಕುವ ಹಾಗೆ ಕೆಳಗಿಟ್ಟಳು. ಹುಡುಗರು ಮುಖಮುಖ ನೋಡಿಕೊಂಡರು. ಬಾಳೆಹಣ್ಣು ತೊಳೆದು ಪೆಟ್ಟಿಗೆಗೆ ತುಂಬುವ ಶೆಡ್ಡಿನಲ್ಲಿ ಚಿಕ್ಕಂದಿನಿಂದ ನಿಂತು ದುಡಿದ ಹೆಂಗಸು, ಅವಳ ಕಾಲಿನ ಕಸುವು ನಮಗೇನು ಗೊತ್ತು! ಮಾರನೆಯ ದಿನದಿಂದ ಅವಳು ನಮ್ಮವಳಾದಳು. ಆಮೇಲೆ ಮೂರು ವರ್ಷ ಆ ಜಿಮ್ಮಿಗೆ ಅವಳೇ ರಾಣಿ.

ನನಗೆ ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಓಲ್ಮೆದೋ ದಿನಾ ಸಂಜೆ ಅವಳನ್ನು ಕೂರಿಸಿಕೊಂಡು "ನಿದ್ದೆ ಬಂತಾ? ಹೊಟ್ಟೆ ತುಂಬ ತಿಂದ್ಯಾ? ಸೊಂಟ ಹೇಗಿದೆ?" ಎಂದು ವಿಚಾರಿಸುತ್ತಿದ್ದ. ನನ್ನ ಸೊಂಟಕ್ಕೆ ಏನಾಗಿದೆ ಎಂದು ಆ ಮಹಾರಾಯ ಒಂದು ದಿನವೂ ಕೇಳಿದವನಲ್ಲ. ನಾನು ಭಾರ ಎತ್ತುವವಳಲ್ಲ, ಬರೀ ಮನೆ ಎತ್ತುವವಳು.

ಹಾಗಿರುವಾಗ ಎಸ್ಮೆರಾಲ್ದಾಸ್ ಕಡೆಯಿಂದ ಹೆರ್ಮಾನಿಯ ಬಂದಳು. ನಾರ್ಸೀಸಾಳಿಗಿಂತ ಹತ್ತು ವರ್ಷ ಚಿಕ್ಕವಳು, ತೂಕ ಮಾತ್ರ ಸರಿಸಮ. ಬೆಳಿಗ್ಗೆ ಮಾರುಕಟ್ಟೆಯಲ್ಲಿ ಈರುಳ್ಳಿ ಹಾಕಿದ ಮೀನುಸಾರು ಮಾರುತ್ತಿದ್ದಳು. ಪಾತ್ರೆ ಖಾಲಿಯಾದರೆ ಮನೆಗೆ ಹೋಗಿ ಮಲಗುವುದು, ಸಂಜೆ ಎದ್ದು ಜಿಮ್ಮಿಗೆ ಬರುವುದು. ಬಂದ ನಾಲ್ಕೇ ತಿಂಗಳಲ್ಲಿ ನೆಲದಿಂದ ಎತ್ತುವ ಡೆಡ್‌ಲಿಫ್ಟಿನಲ್ಲಿ ನಾರ್ಸೀಸಾಳನ್ನು ದಾಟಿಬಿಟ್ಟಳು. ಆ ದಿನ ಹುಡುಗರೆಲ್ಲ ಶಿಳ್ಳೆ ಹಾಕಿದರು. ನಾರ್ಸೀಸಾ ಚಪ್ಪಾಳೆ ತಟ್ಟಿದಳು, ಮುಖ ಮಾತ್ರ ಹುಣಸೆಹಣ್ಣು ತಿಂದ ಹಾಗಿತ್ತು.

ದೇಶದ ಪಂದ್ಯಕ್ಕೆ ನಮ್ಮ ಪ್ರಾಂತ್ಯದಿಂದ ಒಂದೊಂದು ತೂಕಕ್ಕೆ ಒಬ್ಬಳೇ ಹೋಗಬೇಕು. ಮೂರು ವರ್ಷವೂ ನಾರ್ಸೀಸಾಳೇ ಹೋಗಿದ್ದಳು. ವರ್ಷವೆಲ್ಲ ಶೆಡ್ಡಿನ ನೀರಿನಲ್ಲಿ ಕೈ ನೆನೆಸಿಕೊಂಡು ನಿಲ್ಲುವವಳಿಗೆ ಹೆಸರು ಹಿಡಿದು ಕರೆಯುವ ಜಾಗ ಅದೊಂದೇ. ಅದು ಈಗ ಕೈತಪ್ಪುವುದರಲ್ಲಿತ್ತು.

ಓಲ್ಮೆದೋನ ಪದ್ಧತಿಯಲ್ಲಿ ಮೂರು ವಾರ ಭಾರ ಏರುತ್ತದೆ, ನಾಲ್ಕನೆಯದು ಹಗುರ ವಾರ. ಆಗ ಅರ್ಧ ಭಾರ, ಅರ್ಧ ಹೊತ್ತು, ಬೆವರು ಬರುವಷ್ಟರಲ್ಲಿ ಮನೆಗೆ. ಹೊಸ ಹುಡುಗರು ಅದಕ್ಕೆ ಅಜ್ಜಿ ವಾರ ಎಂದು ಹೆಸರಿಟ್ಟಿದ್ದರು.

"ನಗ್ರಪ್ಪ, ನಗ್ರಿ" ಎನ್ನುತ್ತಿದ್ದ ಅವನು. "ಇಲ್ಲಿ ಮೈ ಬರೀ ಸವೆಯೋದು. ಅದು ಬೆಳೆಯೋದು ನೀವು ಗೊರಕೆ ಹೊಡೀವಾಗ."

ಮೂರು ವರ್ಷ ಈ ಮಾತನ್ನು ನಂಬಿದ್ದ ನಾರ್ಸೀಸಾಳಿಗೆ ಹೆರ್ಮಾನಿಯ ಬಂದ ಮೇಲೆ ಅದು ಬೇರೆಯಾಗಿ ಕೇಳಿಸತೊಡಗಿತು. ತನ್ನನ್ನು ತಡೆದು ಆ ಹುಡುಗಿಯನ್ನು ಮುಂದೆ ಬಿಡಲಿಕ್ಕೆ ಪ್ರೊಫೆ ಹೂಡಿದ ಆಟ ಇದು ಎಂದು ಅವಳ ತಲೆಗೆ ಹೊಕ್ಕಿತು. ಹಗುರ ವಾರ ಬಂದರೆ ನಮ್ಮಲ್ಲಿ ಅರ್ಧ ಭಾರ ಎತ್ತಿ, ನೆಟ್ಟಗೆ ತನ್ನ ಅಣ್ಣನ ಲಾರಿ ರಿಪೇರಿ ಅಂಗಡಿಗೆ ಹೋಗುತ್ತಿದ್ದಳು. ಅಲ್ಲಿ ಹಿತ್ತಲಿನಲ್ಲಿ ಹಳೇ ಆಕ್ಸಲಿನ ಎರಡು ತುದಿಗೆ ಸಿಮೆಂಟು ತುಂಬಿದ ಡಬ್ಬ ಸಿಗಿಸಿ ಎತ್ತುತ್ತಿದ್ದಳು. ಇದು ನಮಗ್ಯಾರಿಗೂ ಗೊತ್ತಿರಲಿಲ್ಲ.

ಗೊತ್ತಾದದ್ದು ಇಷ್ಟೇ: ಅವಳು ಸೋಲುತ್ತಿದ್ದಳು. ಹಿಂದೆ ಹೂವಿನ ಹಾಗೆ ಏರುತ್ತಿದ್ದ ಭಾರ ಈಗ ಮಂಡಿಯ ಹತ್ತಿರ ತೆವಳುತ್ತಿತ್ತು. ಇಷ್ಟಪಟ್ಟು ತಿನ್ನುತ್ತಿದ್ದ ಬಾಳೆಕಾಯಿ ಉಂಡೆಯನ್ನು ಅರ್ಧಕ್ಕೇ ಬಿಡುತ್ತಿದ್ದಳು. ಮಾತಾಡಿಸಿದರೆ ಸಿಡುಕು. ಓಲ್ಮೆದೋ ತನ್ನ ಪಾಠವೇ ಅವಳಿಗೆ ಹೆಚ್ಚಾಯಿತು ಎಂದುಕೊಂಡು ಅವಳ ಭಾರ ಇಳಿಸಿದ. ಅವನು ಇಳಿಸಿದ್ದಕ್ಕೆ ಅವಳು ಹಿತ್ತಲಿನಲ್ಲಿ ಇನ್ನೊಂದು ಡಬ್ಬ ಏರಿಸಿದಳು. ಸುಸ್ತಾದ ಮುಖ ನೋಡಿ ಅವನು ಮತ್ತೂ ಇಳಿಸಿದ.

"ನೋಡಕ್ಕ, ಅವಳಿಗೆ ಏರಿಸ್ತಾನೆ, ನನಗೆ ಇಳಿಸ್ತಾನೆ. ನಿನ್ನ ಗಂಡನಿಗೆ ಮೀನುಸಾರು ರುಚಿ ಹತ್ತಿದೆ" ಎಂದಳು ಒಂದು ದಿನ.

ನನಗೂ ಒಳಗೆ ಚುರ್ರೆಂದಿತು. ಆದರೆ ನಾನು ಸುಮ್ಮನೆ ಬಿಡುವವಳಲ್ಲ. "ಅವನಿಗೆ ನನ್ನ ಸಾರೇ ಜೀರ್ಣ ಆಗಲ್ಲ, ಸುಮ್ನಿರೇ" ಎಂದೆ.

ಆ ಒಬ್ಬಳನ್ನು ಆರಿಸುವ ಪ್ರಾಂತ್ಯದ ಪಂದ್ಯಕ್ಕೆ ಇನ್ನು ಮೂರು ವಾರವಿತ್ತು. ಮತ್ತೆ ಹಗುರ ವಾರ ಬಂತು. ನೀರಿನ ಲೋಟ ಕೊಡುವಾಗ ಅವಳ ಅಂಗೈ ಕಂಡಿತು. ಜಡ್ಡುಗಟ್ಟಿದ ಚರ್ಮ ಹಸಿಹಸಿಯಾಗಿ ಕಿತ್ತುಬಂದಿತ್ತು. ಅರ್ಧ ಭಾರಕ್ಕೆ ಅಂಗೈ ಹಾಗೆ ಹರಿಯುವುದಿಲ್ಲ, ಅಷ್ಟು ನನಗೂ ತಿಳಿಯುತ್ತದೆ.

"ಎಲ್ಲಿ ಎತ್ತುತಿದ್ದೀಯೇ?"

ಅವಳು ಕೈ ಮುಚ್ಚಿಕೊಂಡಳು. ಆಮೇಲೆ ಎಲ್ಲ ಒದರಿದಳು. ಕೊನೆಗೆ "ಅವಳೂ ಕದ್ದು ಎತ್ತುತಾಳಕ್ಕ. ಮಲಗಿ ಯಾರಿಗಾದ್ರೂ ಅಷ್ಟು ಬಲ ಬರುತ್ತಾ? ಮಧ್ಯಾಹ್ನ ಮನೇಲಿ ಏನು ಮಾಡ್ತಾಳೆ ಅಂತ ಬೇಕಾದ್ರೆ ಬಾ, ತೋರಿಸ್ತೀನಿ" ಎಂದಳು.

ಬೇಡ ಎನ್ನಬೇಕಿತ್ತು. ಆದರೆ ನನಗೂ ಕುತೂಹಲ ತಡೆಯಲಾಗಲಿಲ್ಲ, ಹೋದೆವು. ಹೆರ್ಮಾನಿಯಾಳ ಹಿತ್ತಲಿನ ಗಿಡ್ಡ ಗೋಡೆಯ ಮೇಲಿಂದ ಇಬ್ಬರೂ ಕತ್ತು ಚಾಚಿದೆವು. ಮಾವಿನ ಮರದ ಕೆಳಗೆ ಬಲೆಯ ಜೋಕಾಲಿಯಲ್ಲಿ ಹುಡುಗಿ ಬಾಯಿ ತೆರೆದುಕೊಂಡು ಮಲಗಿದ್ದಳು. ಹೊಟ್ಟೆಯ ಮೇಲೊಂದು ಬೆಕ್ಕು. ಅಕ್ಕಪಕ್ಕ ಸರಳೂ ಇಲ್ಲ, ಡಬ್ಬವೂ ಇಲ್ಲ. ಪಕ್ಕದ ಮನೆಯ ರೇಡಿಯೋ ಕಿರುಚುತ್ತಿದ್ದರೂ ಅವಳ ರೆಪ್ಪೆ ಅಲುಗಲಿಲ್ಲ.

ಹೊರಡೋಣ ಎಂದು ಎಷ್ಟು ಸಲ ಎಳೆದರೂ ನಾರ್ಸೀಸಾ ಕದಲಲಿಲ್ಲ. ಬಿಸಿಲಿನಲ್ಲಿ ನಿಂತು ನೋಡಿದಳು, ನೋಡಿದಳು.

"ನನಗೆ ನಿದ್ದೆ ಬಂದು ಎಷ್ಟು ದಿನ ಆಯ್ತೋ" ಎಂದಳು. "ಅವಳ ಭಾರ ನೋಡ್ದಾಗಲೂ ಇಷ್ಟು ಉರಿದಿರಲಿಲ್ಲಕ್ಕ. ನಿದ್ದೆ ನೋಡು, ಹೇಗೆ ಬಾಚಿ ಬಾಚಿ ಮಾಡ್ತಾಳೆ!"

ಅವತ್ತೇ ಅವಳನ್ನು ಓಲ್ಮೆದೋನ ಮುಂದೆ ನಿಲ್ಲಿಸಿದೆ. ಅವನು ಬೈಯಲಿಲ್ಲ. ಬೆಂಚಿನ ಮೇಲೆ ಕುಸಿದು ಕೂತ. "ನಾನು ಇಳಿಸ್ತಾ ಇದ್ದೀನಿ, ನೀನು ಅಲ್ಲಿ ಏರಿಸ್ತಾ ಇದ್ದೀಯ. ನನ್ನ ಲೆಕ್ಕ ಎಲ್ಲಿ ತಪ್ಪಿತು ಅಂತ ನಾನು ತಲೆ ಕೆಡಿಸ್ಕೊಂಡಿದ್ದೆ, ತಾಯಿ." ಆಮೇಲೆ ಅಪ್ಪಣೆ ಕೊಟ್ಟ. ಹತ್ತು ದಿನ ಯಾವ ಕಬ್ಬಿಣವನ್ನೂ ಮುಟ್ಟಕೂಡದು, ತಿನ್ನಬೇಕು, ಮಲಗಬೇಕು, ಬೇಸರವಾದರೆ ಬಂದರಿನವರೆಗೆ ನಿಧಾನವಾಗಿ ನಡೆದು ಬರಬೇಕು.

ಮೊದಮೊದಲು ಅವಳು ಪಂಜರದ ಗಿಳಿಯ ಹಾಗೆ ಚಡಪಡಿಸಿದಳು. ಗೋಡೆಯಾಚೆ ಹೆರ್ಮಾನಿಯಾಳ ಭಾರ ನೆಲಕ್ಕೆ ಬಿದ್ದಾಗಲೆಲ್ಲ ಇಲ್ಲಿ ಇವಳ ಹಲ್ಲು ಕಟಕಟ ಎನ್ನುತ್ತಿತ್ತು. ಒಂದು ಭಾನುವಾರ ನಾನು ಕೋಳಿಸಾರು ತೆಗೆದುಕೊಂಡು ಹೋದರೆ ಕದ ತೆಗೆಯುವವರಿಲ್ಲ. ಕಿಟಕಿಯಿಂದ ಇಣುಕಿದೆ. ಸೋಫಾದ ಮೇಲೆ ಸತ್ತವಳ ಹಾಗೆ ನಿದ್ದೆ ಹೋಗಿದ್ದಳು. ಸಾರನ್ನು ಹೊಸಿಲ ಬಳಿಯೇ ಇಟ್ಟು ಬಂದೆ. ವಾಪಸು ಬಂದು ಭಾರ ಮುಟ್ಟಿದ ದಿನ ಸರಳು ಹಳೆಯ ಹಾಗೇ ಮೇಲೆ ಹಾರಿತು. ಓಲ್ಮೆದೋ ಅವಳ ಹಣೆಗೆ ಮುತ್ತು ಕೊಟ್ಟ. ನಾನು ಬೇರೆ ಕಡೆ ತಿರುಗಿ ನೆಲ ಗುಡಿಸಿದೆ.

ಪಂದ್ಯ ಪ್ರಾಂತ್ಯದ ಕ್ರೀಡಾಂಗಣದಲ್ಲಿ. ಮೂರು ಬಗೆಯಲ್ಲಿ ಎತ್ತಬೇಕು, ಒಂದೊಂದಕ್ಕೆ ಮೂರು ಸರದಿ, ಒಟ್ಟು ಭಾರ ಹೆಚ್ಚಾದವಳು ಗೆದ್ದಳು. ಭುಜದ ಮೇಲೆ ಹೊತ್ತು ಕೂತೇಳುವ ಸ್ಕ್ವಾಟಿನಲ್ಲಿ ನಾರ್ಸೀಸಾಳನ್ನು ಮುಟ್ಟುವವರಿರಲಿಲ್ಲ. ಮಲಗಿ ಒತ್ತುವ ಬೆಂಚಿನಲ್ಲೂ ಮುಂದೆ. ಕೊನೆಯದಾದ ಡೆಡ್‌ಲಿಫ್ಟಿಗೆ ಬಂದಾಗ ಒಟ್ಟು ಹದಿನೈದು ಕಿಲೋ ಮುಂದಿದ್ದಳು. ಎರಡನೆಯ ಸರದಿಯಲ್ಲಿ ನೂರೈವತ್ತು ಎತ್ತಿದಳು. ಉಳಿದದ್ದು ಒಂದೇ ಸರದಿ. ಹೆರ್ಮಾನಿಯ ತನ್ನ ಕೊನೆಯದಕ್ಕೆ ನೂರ ಎಪ್ಪತ್ತು ಬರೆಸಿದ್ದಳು.

"ನೀನು ನೂರ ಅರವತ್ತು ಎತ್ತು, ಸಾಕು" ಎಂದ ಓಲ್ಮೆದೋ. "ಅವಳು ಎಪ್ಪತ್ತು ಎತ್ತಿದ್ರೂ ಒಟ್ಟಲ್ಲಿ ನೀನೇ ಮುಂದೆ. ಅದಕ್ಕಿಂತ ಮೇಲೆ ಇವತ್ತು ಅವಳ ಹತ್ರ ಇಲ್ಲ." ಇಷ್ಟು ಹೇಳಿ ಹೆರ್ಮಾನಿಯಾಳ ಸೊಂಟದ ಪಟ್ಟಿ ಬಿಗಿಯಲು ಹೋದ. ಹೋಗದಿದ್ದರೆ ಚೆನ್ನಾಗಿತ್ತು.

ನಾರ್ಸೀಸಾ ಅವನ ಬೆನ್ನನ್ನೇ ನೋಡುತ್ತಿದ್ದಳು. "ಅವಳು ನನಗಿಂತ ಹೆಚ್ಚು ಎತ್ತುತಾಳೆ. ಜನ ಅವಳಿಗೆ ಶಿಳ್ಳೆ ಹಾಕ್ತಾರೆ. ನಾನು ಲೆಕ್ಕದಲ್ಲಿ ಗೆಲ್ಲಬೇಕಾ?"

"ಲೆಕ್ಕದಲ್ಲೇ ಗೆಲ್ಲೇ, ಮಾರಾಯ್ತಿ! ಗೆಲುವು ಗೆಲುವೇ!" ಎಂದು ಅವಳ ಕೈ ಹಿಡಿದೆ. ಕೊಡವಿಕೊಂಡು ಮೇಜಿನ ಹತ್ತಿರ ಹೋದಳು. ಫಲಕದ ಮೇಲೆ ಅವಳ ಹೆಸರಿನ ಮುಂದೆ ನೂರ ಎಪ್ಪತ್ತೆರಡೂವರೆ ಎಂದು ಬಂತು.

ಓಲ್ಮೆದೋ ನೋಡಿ ಓಡಿ ಬರುವಷ್ಟರಲ್ಲಿ ಬೇರೊಬ್ಬಳಿಗಾಗಿ ಸರಳು ನೂರ ಎಪ್ಪತ್ತಕ್ಕೆ ಏರಿತ್ತು. ಏರಿದ ಭಾರವನ್ನು ಮತ್ತೆ ಯಾರಿಗಾಗಿಯೂ ಇಳಿಸುವುದಿಲ್ಲ, ಅದು ಪಂದ್ಯದ ನಿಯಮ. ಅವನು ಮೇಜು ಗುದ್ದಿದ, ಅಷ್ಟೇ.

ಹೆರ್ಮಾನಿಯ ಬಂದು ನೂರ ಎಪ್ಪತ್ತನ್ನು ನಡುಗುತ್ತ ಎತ್ತಿದಳು. ಜನ ಶಿಳ್ಳೆ ಹಾಕಿದರು. ಆಮೇಲೆ ನಾರ್ಸೀಸಾ ಬಂದಳು. ಕೈ ಜಾರದಂತೆ ಸೀಮೆಸುಣ್ಣದ ಪುಡಿ ಬಳಿದುಕೊಂಡು ಸರಳು ಹಿಡಿದಳು. ಅದು ನೆಲ ಬಿಟ್ಟಿತು, ಮೊಣಕಾಲು ಮುಟ್ಟಿತು, ಅಲ್ಲೇ ನಿಂತಿತು. ಕತ್ತಿನ ನರ ಉಬ್ಬಿ ಬರುವ ತನಕ ಎಳೆದಳು. ಭಾರ ಮೇಲೇರಲಿಲ್ಲ. ಅವಳು ಅದನ್ನು ನಿಧಾನವಾಗಿ ಕೆಳಗಿಟ್ಟಳು.

ಒಟ್ಟಿನಲ್ಲಿ ಐದು ಕಿಲೋ ಹೆಚ್ಚು ಎತ್ತಿದ ಹೆರ್ಮಾನಿಯ ದೇಶದ ಪಂದ್ಯಕ್ಕೆ ಹೊರಟಳು. ಓಲ್ಮೆದೋ ಪಟ್ಟಿಗಳನ್ನು ಸುತ್ತುತ್ತಿದ್ದ. ನಾರ್ಸೀಸಾ ಗೋಡೆಗೊರಗಿ ನೆಲದ ಮೇಲೆ ಕೂತಿದ್ದಳು. ಹೆರ್ಮಾನಿಯ ಬಂದು ಅವಳೆದುರು ಕುಕ್ಕರಗಾಲಿನಲ್ಲಿ ಕೂತಳು. ಹುಡುಗಿಯ ಕಣ್ಣಲ್ಲಿ ನೀರಿತ್ತು.

"ಯಾಕಕ್ಕ ಹಾಗೆ ಮಾಡ್ದೆ? ನೀನು ಅರವತ್ತು ಎತ್ತಿದ್ರೆ ನನ್ನ ಕಥೆ ಮುಗೀತಿತ್ತು. ನಾನು ಆಗ್ಲೇ ಬಟ್ಟೆ ಮಡಚಿ ಚೀಲಕ್ಕೆ ಹಾಕ್ಕೊಂಡಿದ್ದೆ."

ನಾರ್ಸೀಸಾ ತಲೆ ತಗ್ಗಿಸಿ ಅಂಗೈಯ ಪುಡಿ ಒರೆಸಿಕೊಂಡಳು.

"ನಿನ್ನ ಸ್ಕ್ವಾಟ್ ನೋಡಿದ್ರೆ ನನಗೆ ಹೊಟ್ಟೆ ಉರೀತದಕ್ಕ" ಎಂದಳು ಹುಡುಗಿ. "ಬಂದ ದಿನದಿಂದ ಉರೀತಾ ಇದೆ. ಆ ಕಾಲು ನನಗ್ಯಾಕೆ ಕೊಡಲಿಲ್ಲ ಅಂತ ದೇವರಿಗೆ ಬೈದಿದ್ದೀನಿ."

ನಾರ್ಸೀಸಾ ತಲೆಯೆತ್ತಿದಳು. ಸೋತು ಕಾಲು ಗಂಟೆಯೂ ಆಗಿರಲಿಲ್ಲ, ಊರಿಗೆ ಊರೇ ನೋಡಿತ್ತು. ಆದರೂ ಆ ಮುಖ ಅರಳಿದ್ದನ್ನು ನಾನು ನನ್ನ ಕಣ್ಣಾರೆ ಕಂಡೆ.

"ಏನಂದೆ?" ಎಂದಳು ಅವಳು. "ಇನ್ನೊಂದ್ಸಲ ಹೇಳು."