ಸಿಂಪಿಗ ಹೊಲಿದ ಕೆಂಪು ನೂಲು

“ಟುವ್ವೀ, ಟುವ್ವೀ” ಎಂಬ ಆ ಕೂಗು ಇನ್ನೂ ಕಿವಿಯಲ್ಲಿದೆ. ರಬಕವಿಯ ನಮ್ಮ ಹಿತ್ತಲಿನ ಪೇರಲ ಗಿಡದಲ್ಲಿ ಪುಟ್ಟ ಹಕ್ಕಿಯೊಂದು ಎರಡು ಎಲೆ ಕೂಡಿಸಿ ಹೊಲಿದು ಗೂಡು ಮಾಡಿತ್ತು. ಕಾನ್ವೆಂಟಿನ ನೇಚರ್ ಸ್ಟಡಿ ಕ್ಲಾಸು ನೆನಪಾಗಿ, ಪಕ್ಕದ ಮನೆಯ ಕಸ್ತೂರಿಗೆ ಅದು ಟೇಲರ್ ಬರ್ಡ್ ಎಂದೆ.

“ನಾವೂ ಸಿಂಪಿಗ ಅಂತೀವ್ರಿ ಅಕ್ಕಾರ. ಸಿಂಪಿಗ ಅಂದ್ರೂ ಟೇಲರ್‌ನ ಅಲ್ಲೇನ್ರಿ,” ಎಂದವಳು ಬಗ್ಗಿ ಎಲೆಯ ಹೊಲಿಗೆ ನೋಡಿದಳು. ಅದು ಕೆಂಪು ನೂಲು. ನೇಕಾರನಾಗಿದ್ದು ತೀರಿಹೋದ ಅವಳ ಗಂಡ, ಮುಂದಿನ ಸೀರೆಯ ಹಾಸನ್ನು, ಅಂದರೆ ಉದ್ದೆಳೆಗಳನ್ನು, ಗಂಟು ಹಾಕಲೆಂದು ಮಗ್ಗದಲ್ಲಿ ಉಳಿಸಿದ್ದ ಎಳೆಗಳನ್ನು, ಮಗ್ಗ ಮಾರುವಾಗ ಅವಳೇ ಕತ್ತರಿಸಿ ಹಿತ್ತಲಿಗೆ ಎಸೆದಿದ್ದಳು. ಅವನದೆಂದು ಉಳಿದದ್ದು ಅಷ್ಟೇ.

“ಹೊಲಿಯಾಂವನ ಹೆಸರು ಹಕ್ಕಿಗೆ ಬಂತು. ನೇಯಾಂವನ್ನ ಯಾರು ನೆನಸ್ತಾರ್ರಿ?”

ಮರುದಿನ ಅವಳು ಲೋಕಾಪುರದ ಮಗಳ ಮನೆಗೆ ಹೊರಟಾಗ, ಗೂಡು ಒಯ್ಯಿ ಎಂದೆ. ಎಲೆಯವರೆಗೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. “ಒಳಗ ಮರಿ ಅದಾವ್ರಿ. ಇರಲಿ.”

ಮರಿಗಳು ಹಾರಿದ ಮೇಲೆ ಗೂಡನ್ನು ಅವಳಿಗಾಗಿ ತೆಗೆದಿಟ್ಟೆ. ಕೊಡುವ ಮೊದಲೇ ಅವಳು ತೀರಿಕೊಂಡ ಸುದ್ದಿ ಬಂತು. ನಾನು ಕೊನೆಯದಾಗಿ ಕಂಡದ್ದು, ಹೊರಟ ಆ ದಿನ ಟೆಂಪೋದಲ್ಲಿ ಗಂಟುಮೂಟೆಗಳ ನಡುವೆ ಕೂತು, ತಿರುವಿನಲ್ಲಿ ಮರೆಯಾಗುವ ತನಕ ಪೇರಲ ಗಿಡವನ್ನೇ ನೋಡುತ್ತಿದ್ದ ಕಸ್ತೂರಿಯನ್ನು.