ಪಾತ್ರೆ ತೊಳೀಲಿಕ್ಕೆ ಬಂದವಳು

ಸರೋಜಾ ಆ ಬಂಗಲೆಗೆ ಪಾತ್ರೆ ತೊಳೆಯಲು ಬಂದವಳಲ್ಲ, ಹಾಡಲು ಬಂದವಳು. ಸುಳ್ಳು ಹೇಳಿದವಳು ನಾನು.

ಮೊನ್ನೆ ಉದ್ದಿನಬೇಳೆ ಆರಿಸುತ್ತಿದ್ದಾಗ ಅವಳ ಮಗಳು ಗೀತಾ ಫೋನ್ ಮಾಡಿದಳು. ನಮ್ಮ ಕಡೆಯ ಸಾಹುಕಾರರ ಮನೆಗಳ ಮದುವೆ, ಔತಣ, ಹಾಡಿನ ಫೋಟೋಗಳ ಪುಸ್ತಕವೊಂದು ಅವಳು ಪಾಠ ಮಾಡುವ ಕೊಪ್ಪದ ಶಾಲೆಗೆ ಬಂದಿದೆಯಂತೆ.

"ಅದರಲ್ಲಿ ಅಮ್ಮ ಇದಾಳೆ ದೊಡ್ಡಮ್ಮ. ಕೆಳಗೆ 'ಪಾತ್ರೆ ತೊಳೆಯುವ ಹೆಂಗಸು' ಅಂತ ಬರ್ದಿದಾರೆ. ಜಯಪುರದ ಬಂಗಲೆಗೆ ಹಾಡ್ಲಿಕ್ಕೆ ಹೋಗಿದ್ದೆ ಅಂತ ಸಾಯೋವರೆಗೂ ಹೇಳ್ತಿದ್ಲಲ್ಲ — ಸುಳ್ಳಾ ಹಾಗಾದ್ರೆ?"

"ನೆನಪಿಲ್ಲ ಕೂಸೇ" ಎಂದು ಫೋನ್ ಇಟ್ಟೆ. ನೆನಪಿಲ್ಲದೆ ಏನು —

ಸರೋಜಾ ನಮ್ಮೂರು ಅಡ್ಡಗದ್ದೆಯವಳೇ, ತೋಟದ ಕೂಲಿಗೆ ಹೋಗುತ್ತಿದ್ದವಳು. ನನಗೆ ಬರುವ ಹಾಡೆಲ್ಲ ಅವಳು ಕಲಿಸಿದ್ದು. ಬಂಗಲೆಯ ಯಜಮಾನಿ ಮಗಳ ಮದುವೆಗೆ ಹಸೆಹಾಡು ಹೇಳಲು ನನ್ನನ್ನು ಕರೆದಾಗ, ಅರ್ಧದಲ್ಲಿ ಮರೆತರೆ ಎಂದು ಹೆದರಿ ಅವಳನ್ನೂ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ಮೂರು ಸಲ ಕೇಳಿದಳು, "ಈ ಸೀರೆ ಆದೀತೇನೇ?"

"ನಿನ್ನ ಸೀರೆ ನೋಡ್ಲಿಕ್ಕೆ ಯಾರು ಬರ್ತಾರೆ ಮಾರಾಯ್ತಿ, ಗಂಟಲು ಸರಿ ಇಟ್ಕೋ."

ಹಾಡುವವರ ಚಾಪೆಯಲ್ಲಿ ನನ್ನ ಪಕ್ಕವೇ ಕೂತಳು. ಫೋಟೋ ತೆಗೆಯುವವನು ಹತ್ತಿರ ಬಂದು "ಇವರೂ ಹಾಡುವವರಾ?" ಎಂದ. ರೇಷ್ಮೆ ಸೀರೆಗಳೆಲ್ಲ ನಮ್ಮತ್ತ ತಿರುಗಿದವು. ಅವಳ ಸವೆದ ಅಂಚು, ಒಡೆದ ಹಿಮ್ಮಡಿ — ನಾನೂ ಇವಳ ಪೈಕಿಯೇ ಅಂದುಕೊಂಡರೆ...

"ಇಲ್ಲ ಇಲ್ಲ, ಅವಳು ಪಾತ್ರೆ ತೊಳೀಲಿಕ್ಕೆ ಬಂದವಳು."

ಸರೋಜಾ ನನ್ನ ಮುಖ ನೋಡಿದಳು. ಎದ್ದು ಹಿತ್ತಿಲಿಗೆ ಹೋಗಿ, ಸೆರಗು ಸಿಕ್ಕಿಸಿ, ಔತಣದ ಪಾತ್ರೆಗಳ ಮುಂದೆ ಕೂತಳು — ನನ್ನ ಮಾತು ಸುಳ್ಳಾಗಬಾರದೆಂದು. ಅವನು ಅಲ್ಲಿಗೂ ಹೋಗಿ ಫೋಟೋ ತೆಗೆದ. ನಾನು ಹೇಳಿದ್ದನ್ನೇ ನಂಬಿ ಬರೆದುಕೊಂಡಿರಬೇಕು, ಅವನದೇನು ತಪ್ಪು?

ಹಾಡಿನ ಮೂರನೆಯ ನುಡಿಗೆ ನಾನು ಮರೆತೆ. ಹಿತ್ತಿಲಿನಿಂದ ಅವಳ ದನಿ ಬಂತು, ಮುಂದಿನ ಸಾಲು — ಹಿಡಿದುಕೊಂಡು ಹಾಡಿ ಮುಗಿಸಿದೆ. ಯಜಮಾನಿ ನನಗೆ ಕುಂಕುಮ ಹಚ್ಚಿ ರವಿಕೆ ಕಣ ಕೊಟ್ಟಳು. ತೆಗೆದುಕೊಂಡೆ.

ಆಮೇಲೂ ಸರೋಜಾ ನನ್ನ ಜೊತೆ ಮಾತು ಬಿಡಲಿಲ್ಲ. ದೇವರ ದಯೆ ಅಂದುಕೊಂಡಿದ್ದೆ. ಕ್ಷಮೆ ಕೇಳಬೇಕು ಅಂತ ಮಾತ್ರ... ಕೇಳಲಿಲ್ಲ. ಅವಳು ಹೋಗಿಯೇಬಿಟ್ಟಳು.

ಇವತ್ತು ಬೆಳಿಗ್ಗೆ ದೇವರಿಗೆ ದೀಪ ಹಚ್ಚಲು ಕೈ ಬರಲಿಲ್ಲ. ಗೀತಾಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವಳು ಹೇಳಿದ್ದು ಇಷ್ಟೇ:

"ಇದನ್ನ ಬರ್ದು ಕೊಡಿ. ಶಾಲೇಲಿ ಎಲ್ರೂ ಆ ಫೋಟೋ ನೋಡಿದಾರೆ."

ದೊಡ್ಡಮ್ಮ ಎನ್ನಲಿಲ್ಲ.

ಬರೆದಿದ್ದೇನೆ. ಕೆಳಗೆ ನನ್ನ ಹೆಸರನ್ನೂ ಹಾಕುತ್ತೇನೆ. ಒಲೆಯ ಮೇಲೆ ಹಾಲಿಟ್ಟಿದ್ದೇನೆ, ಏಳಬೇಕು.