ಅಕ್ಕಯ್ಯಮ್ಮನ ಕೈ ಮತ್ತು ಹನ್ನೊಂದು ಮೊಟ್ಟೆ

ಅಕ್ಕಯ್ಯಮ್ಮನ ಕೈ ಕೆಟ್ಟಿರಲಿಲ್ಲ. ಆ ಹನ್ನೊಂದು ಮೊಟ್ಟೆಗಳನ್ನು ಹಾಳು ಮಾಡಿದವಳು ನಾನು — ನಿಮ್ಮ ಅಜ್ಜಿ. ಮಾಡಿದ್ದು ಮಾತ್ರವಲ್ಲ, ಮಾಡಿಲ್ಲ ಎಂದು ಹೇಳಿದವಳೂ ನಾನೇ.

ಮೊನ್ನೆ ಕರಿಬೇವಿನ ಗಿಡ ಒಣಗಿದ್ದಕ್ಕೆ ನೀವೆಲ್ಲ ನಕ್ಕಿರಲ್ಲ, “ಯಾರಪ್ಪಾ ಇದುನ್ನ ನೆಟ್ಟಿದ್ದು, ಅಕ್ಕಯ್ಯಮ್ಮನ ಕೈ!” ಎಂದು — ನನಗೆ ಮೈಯೆಲ್ಲ ಉರಿದುಹೋಯಿತು. ದೋಸೆ ಸೀದರೆ ಅಕ್ಕಯ್ಯಮ್ಮನ ಕೈ, ಹೆಪ್ಪು ಕೂರದಿದ್ದರೆ ಅಕ್ಕಯ್ಯಮ್ಮನ ಕೈ. ನೀವು ಯಾರೂ ಆಕೆಯನ್ನು ಕಂಡವರಲ್ಲ. ಆಕೆ ಮನುಷ್ಯಳು ಎಂಬುದಾದರೂ ನಿಮಗೆ ಗೊತ್ತೋ ಇಲ್ಲವೋ. ನಿಮ್ಮ ಮೇಲೆ ಸಿಟ್ಟು ಮಾಡಿಕೊಂಡು ಒಳಗೆ ಹೋದೆ. ಆಮೇಲೆ ನನ್ನ ಮೇಲೆಯೇ ಸಿಟ್ಟು ಬಂತು. ಆ ಮಾತನ್ನು ಈ ಮನೆಗೆ ತಂದವಳು ನಾನಲ್ಲವೆ? ಬಾಯಿಬಿಟ್ಟು ಹೇಳಲು ನನ್ನಿಂದ ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾಲ್ಕನೆಯ ತರಗತಿಯ ಬರವಣಿಗೆ, ತಪ್ಪಿದ್ದರೆ ತಿದ್ದಿಕೊಳ್ಳಿ.

ಆಗ ನಮ್ಮದು ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆಯಲ್ಲಿ ಇಳಿದು ಒಳಗೆ ನಡೆಯಬೇಕಾದ ಊರು. ಅರವತ್ತನೆಯ ಇಸವಿಯ ಆಸುಪಾಸು ಇರಬೇಕು. ನಾನು ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ಚಿಕ್ಕಬಳ್ಳಾಪುರದಲ್ಲಿ ಒಬ್ಬ ಅಧಿಕಾರಿಯ ಬಂಗಲೆಯಲ್ಲಿ ಅಡುಗೆಗಿದ್ದ ನಿಮ್ಮ ತಾತನ ಸೋದರಮಾವ, ಅಧಿಕಾರಿಗೆ ವರ್ಗವಾದಾಗ ಎರಡು ಹೇಂಟೆ, ಒಂದು ಹುಂಜವನ್ನು ಬುಟ್ಟಿಯಲ್ಲಿ ಕಟ್ಟಿಕೊಂಡು ತಂದು ನಮ್ಮ ಜಗಲಿಯ ಮೇಲೆ ಇಳಿಸಿದರು. ಸಿಲ್ಕಿ ಕೋಳಿ ಎಂದು ಈಗ ನೀವು ಹೇಳುತ್ತೀರಿ. ನಮ್ಮೂರಿನಲ್ಲಿ ಅದು ಅರಳೆಕೋಳಿ. ಮನೆಮನೆಯಲ್ಲೂ ರೇಷ್ಮೆ ಹುಳು ಸಾಕುವವರು ರೇಷ್ಮೆಯ ಹೆಸರನ್ನು ಒಂದು ಕೋಳಿಗೆ ಯಾಕೆ ಕೊಟ್ಟಾರು? ಹಿಂಜಿದ ಅರಳೆಯ ಹಾಗಿತ್ತು, ಅರಳೆಕೋಳಿ ಎಂದರು. ಪಕ್ಕದ ಮನೆಯ ತೆಲುಗಿನವರು ದೂದಿಕೋಡಿ ಎಂದರು. ಮೈಮೇಲೆ ಗರಿಯೇ ಇಲ್ಲವೇನೋ ಎನ್ನುವಂಥ ಬಿಳಿ ನವಿರು, ಕಾಲಿಗೆ ಐದು ಬೆರಳು, ನವಿರು ಸರಿಸಿ ನೋಡಿದರೆ ಕಪ್ಪನೆಯ ಚರ್ಮ. ಹುಂಜವನ್ನು ಕೊಯ್ದು, ಮಾಂಸವೂ ಕಪ್ಪು ಎಂದು ತಿಳಿದ ದಿನ ನಮ್ಮ ಅತ್ತೆ ತಟ್ಟೆ ದೂಡಿ ಎದ್ದರು. ತಿನ್ನಲಾಗದು. ಮೊಟ್ಟೆಯೋ ಗೋಲಿಯಷ್ಟು. ಒಂದೇ ಒಂದು ಕೆಲಸ ಅವಕ್ಕೆ ಬರುತ್ತಿತ್ತು — ಕಾವಿಗೆ ಕೂರುವುದು.

ಅದನ್ನು ಏನೆಂದು ಹೇಳಲಿ! ಮೊಟ್ಟೆ ಇದ್ದರೂ ಕೂರುತ್ತಿದ್ದವು, ಇಲ್ಲದಿದ್ದರೂ ಕೂರುತ್ತಿದ್ದವು. ಸೌದೆಯ ಮೇಲೆ, ಬೂದಿಯ ಮೇಲೆ, ನಿಮ್ಮ ತಾತನ ಮಡಿಸಿಟ್ಟ ಪಂಚೆಯ ಮೇಲೆ. ಅವುಗಳಲ್ಲಿ ಒಂದಕ್ಕೆ ಕೊಟ್ಟಿಗೆಯ ಮೂಲೆಯಲ್ಲಿದ್ದ ಹಳೆಯ ಒರಳುಕಲ್ಲಿನ ಕುಳಿಯೇ ಬೇಕು. ನಾನು ರುಬ್ಬಲು ಹೋದರೆ ಅಲ್ಲಿ ಕೂತು ನನ್ನನ್ನೇ ಗದರುತ್ತಿತ್ತು. ಎತ್ತಿ ಹೊರಗೆ ಬಿಟ್ಟರೆ, ನಾನು ಕೈ ತೊಳೆದು ಬರುವಷ್ಟರಲ್ಲಿ ಮತ್ತೆ ಅಲ್ಲೇ. “ಏನೇ ಸುಶೀಲ, ಆ ಮುಂಡೇದು ಮತ್ತೆ ಕೂತಿದೆಯಲ್ಲೇ! ಇದೇನ್ ಕೋಳಿನೋ ಸನ್ಯಾಸಿನೋ?” ಎಂದು ಅತ್ತೆ ನನ್ನ ಮೇಲೆ ಹಾರಾಡುತ್ತಿದ್ದರು — ಕೂರಲು ನಾನೇ ಹೇಳಿಕೊಟ್ಟ ಹಾಗೆ.

ಆ ಚಟವೇ ಪ್ರಯೋಜನಕ್ಕೆ ಬರಲಿ ಎಂದು ಅತ್ತೆ ಗ್ರಾಮಸೇವಕರನ್ನು ಕಾಡಿ ಬೇಡಿ ಸೀಮೆಕೋಳಿಯ ಹನ್ನೊಂದು ಮೊಟ್ಟೆ ತರಿಸಿದರು. ದೊಡ್ಡ ಬಿಳಿ ಮೊಟ್ಟೆ. ಊರಿನಲ್ಲಿ ಆ ಜಾತಿ ಇನ್ನೂ ಯಾರಲ್ಲೂ ಇರಲಿಲ್ಲ. ಅವನ್ನು ಕಾವಿಗೆ ಇಡಲು ಅಕ್ಕಯ್ಯಮ್ಮನನ್ನು ಕರೆಸಿದರು.

ಅಕ್ಕಯ್ಯಮ್ಮ ಯಾರೆಂದು ನಿಮಗೆ ಹೇಳಬೇಕು. ನಮ್ಮ ಬೀದಿಯ ಕೊನೆಯ ಮನೆಯವರು, ಚಿಕ್ಕ ವಯಸ್ಸಿಗೇ ಗಂಡ ಹೋಗಿದ್ದರು. ಗಂಡ ಸತ್ತವಳಿಗೆ ಆ ಕಾಲದಲ್ಲಿ ಏನೇನು ಇಲ್ಲವಾಗುತ್ತಿತ್ತೋ ಅದೆಲ್ಲವೂ ಆಕೆಗೆ ಇಲ್ಲವಾಗಿತ್ತು. ಮದುವೆಯ ಮನೆಯಲ್ಲಿ ಹಿಂದಿನ ಬಾಗಿಲು, ಆರತಿಯ ಹೊತ್ತಿಗೆ ಒಳಕೋಣೆ. ಆದರೆ ಕೈಗುಣ ಎಂಬುದೊಂದಿದೆಯಲ್ಲ — ಅದು ಮಾತ್ರ ಆಕೆಯಿಂದ ಹೋಗಿರಲಿಲ್ಲ. ಆಕೆ ಇಟ್ಟ ಮೊಟ್ಟೆ ಒಡೆಯದೆ ಉಳಿಯುವುದಿಲ್ಲ, ಆಕೆ ಚೆಲ್ಲಿದ ಬೀಜ ಮೊಳೆಯದೆ ಇರುವುದಿಲ್ಲ ಎಂದು ಊರೇ ನಂಬಿತ್ತು. ರೇಷ್ಮೆ ಹುಳು ಮೊಟ್ಟೆಯಿಂದ ಎದ್ದ ದಿನ, ಸಾಸಿವೆಗಿಂತ ಸಣ್ಣ ಹುಳುಗಳ ಮೇಲೆ ಮೊದಲ ಹಿಪ್ಪುನೇರಳೆ ಸೊಪ್ಪು ಹಾಕಲು ಮುತ್ತೈದೆಯರನ್ನು ಬಿಟ್ಟು ಆಕೆಯನ್ನು ಕರೆಯುತ್ತಿದ್ದರು. ಆ ದಿನ ಆಕೆ ಮುಂದಿನ ಬಾಗಿಲಿನಿಂದ ಒಳಗೆ ಬರುತ್ತಿದ್ದರು.

ಬುಟ್ಟಿಗೆ ರಾಗಿ ಹೊಟ್ಟು ಹರಡಿ, ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಒಂದು ಇದ್ದಲು ಚೂರು, ಒಂದು ಮೊಳೆ ಇಟ್ಟು, ಮೊಟ್ಟೆಗಳನ್ನು ಒಂದೊಂದಾಗಿ ಕೆನ್ನೆಗೆ ಒತ್ತಿ ನೋಡಿ ಇಟ್ಟರು. ಎರಡರಲ್ಲಿ ಒರಳು ಹಿಡಿಯದ ಹೇಂಟೆಯನ್ನು ಕೂರಿಸಿ, ಗುರುತಿಗೆ ಅದರ ಕಾಲಿಗೆ ಕೆಂಪು ದಾರ ಕಟ್ಟಿದರು. “ನೋಡಮ್ಮ ತಾಯಿ, ಇವಳತ್ತೆ ಹಂಗೆ ಬಾಯಿ ಮಾಡ್ಕಂಡ್ ತಿರುಗ್ಬೇಡ, ಸುಮ್ಕೆ ಕೂತ್ಕೊ,” ಎಂದು ಅದರ ಕಿವಿಯಲ್ಲಿ ಹೇಳಿದರು. ನಾನು ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ಆ ಮನೆಯಲ್ಲಿ ನನ್ನನ್ನು ನಗಿಸುತ್ತಿದ್ದವರು ಆಕೆ ಒಬ್ಬರೇ.

ಹದಿನೇಳನೆಯ ದಿನ ಅತ್ತೆ ಶಿಡ್ಲಘಟ್ಟಕ್ಕೆ ಹೊರಟರು. ಹೊರಡುವಾಗ ಹೇಳಿದ್ದು ಒಂದೇ ಮಾತು: “ಒರಳಲ್ಲಿ ಕೂರೋದುನ್ನ ಇವತ್ತು ನೀರಿಗೆ ಅದ್ದಿ ಕಾವು ಬಿಡಿಸು. ನಾ ಬರೋ ಹೊತ್ಗೆ ಅದು ಅಲ್ಲಿದ್ರೆ ನಿನ್ ತಲೆ ಮೇಲೆ ಕೂರಿಸ್ತೀನಿ.” ನಮ್ಮ ಕಡೆ ಅದು ವಾಡಿಕೆ. ಹಟ ಹಿಡಿದ ಹೇಂಟೆಯನ್ನು ಮೂರು ಸಲ ತಣ್ಣೀರಿಗೆ ಅದ್ದಿ, ಗಾಳಿಗೆ ಬುಟ್ಟಿಯ ಕೆಳಗೆ ಮುಚ್ಚಿದರೆ ಕಾವು ಇಳಿಯುತ್ತದೆ. ನಾಟಿಕೋಳಿ ಕೊಡವಿಕೊಂಡು ಒಂದು ಗಳಿಗೆಯಲ್ಲಿ ಒಣಗುತ್ತದೆ.

ಬೆಳಗಿನಿಂದ ಅದನ್ನು ಐದು ಸಲ ಒರಳಿನಿಂದ ಎತ್ತಿದ್ದೆ. ಐದನೆಯ ಸಲ ಕೈಗೆ ಕುಕ್ಕಿ ರಕ್ತ ಬರಿಸಿತು. ಮಧ್ಯಾಹ್ನ ನೀರು ತುಂಬಿಸಿ ಹಿತ್ತಿಲಿಗೆ ಬಂದರೆ, ಬಿಳಿ ಹೇಂಟೆಯೊಂದು ನವಿರು ಉಬ್ಬಿಸಿಕೊಂಡು, ಕ್ಲಕ್ ಕ್ಲಕ್ ಎನ್ನುತ್ತ ನಾನು ಒಣಹಾಕಿದ್ದ ರಾಗಿಯನ್ನು ಕೆದಕುತ್ತಿದೆ! ತಲೆ ಕೆಟ್ಟಿತು. ಹಿಡಿದೆ. ತೊಟ್ಟಿಯಲ್ಲಿ ಮೂರು ಸಲವಲ್ಲ, ಎಷ್ಟು ಸಲ ಅದ್ದಿದೆನೋ — ಅತ್ತೆಯ ಮೇಲಿನ ಸಿಟ್ಟನ್ನೂ ಸೇರಿಸಿ ಅದ್ದಿದೆ. ಬುಟ್ಟಿ ಕವುಚಿ, ಮೇಲೆ ಕಲ್ಲಿಟ್ಟು ಬಂದೆ.

ಮಾಗಿಯ ಚಳಿ. ಇಳಿಹೊತ್ತಿಗೆ ಹಸುವಿಗೆ ಹುಲ್ಲು ಹಾಕಲು ಕೊಟ್ಟಿಗೆಗೆ ಹೋದರೆ ಒರಳಿನಲ್ಲಿ ಬೆಚ್ಚಗೆ ಕೂತಿತ್ತು, ಆ ದರಿದ್ರದ್ದು. ಒಂದು ಹನಿ ನೀರೂ ಸೋಕದೆ. ಹಾಗಾದರೆ ಬುಟ್ಟಿಯ ಕೆಳಗೆ ಇರುವುದು —

ಓಡಿದೆ. ಕಾಲಿನ ಒದ್ದೆ ನವಿರನ್ನು ಸರಿಸಿದರೆ ಕೆಂಪು ದಾರ. ಕಾವಿನ ಕೋಳಿ ದಿನಕ್ಕೊಮ್ಮೆ ಕಾಳು ತಿನ್ನಲು ಏಳುತ್ತದೆ. ಹಾಗೆ ಎದ್ದು ಬಂದದ್ದನ್ನು ನಾನು ಹಿಡಿದಿದ್ದೆ. ಒಳಗೆ ಹೋಗಿ ಮೊಟ್ಟೆ ಮುಟ್ಟಿದರೆ ಕಲ್ಲಿನಂತೆ ತಣ್ಣಗೆ. ಹೇಂಟೆಯನ್ನು ಹಳೆಯ ಸೀರೆಯಲ್ಲಿ ಒರೆಸಿದೆ, ಒಲೆಯ ಮುಂದೆ ಹಿಡಿದೆ. ಆ ನವಿರು ನೀರು ಕುಡಿದ ಅರಳೆಯೇ ಸರಿ, ಹಿಂಡಿದಷ್ಟೂ ನೀರು. ಅತ್ತೆ ಬರುವ ಹೊತ್ತಾಯಿತೆಂದು ಆ ಒದ್ದೆ ಕೋಳಿಯನ್ನೇ ಮೊಟ್ಟೆಯ ಮೇಲೆ ಕೂರಿಸಿಬಿಟ್ಟೆ.

ಒದ್ದೆಯಾಗದ ಇನ್ನೊಂದು ಅಲ್ಲೇ ಇತ್ತಲ್ಲ! ಇಡೀ ಊರಿನಲ್ಲಿ ಕಾವಿಗೆ ಕೂರಲು ಅದಕ್ಕಿಂತ ಸಿದ್ಧವಾದ ಜೀವ ಇರಲಿಲ್ಲ. ಎತ್ತಿ ಇಟ್ಟಿದ್ದರೆ ಸಾಕಿತ್ತು. ಅಷ್ಟೂ ಹೊಳೆಯಲಿಲ್ಲ ನನ್ನ ತಲೆಗೆ. ಇವತ್ತಿಗೂ ಅದನ್ನು ನೆನೆದರೆ ಹಣೆ ಚಚ್ಚಿಕೊಳ್ಳಬೇಕೆನಿಸುತ್ತದೆ.

ಇಪ್ಪತ್ತೊಂದನೆಯ ದಿನ ಏನೂ ಆಗಲಿಲ್ಲ. ಇಪ್ಪತ್ತಮೂರಕ್ಕೆ ನಾಲ್ಕು ಮರಿ, ಅರೆಜೀವದಲ್ಲಿ. ಉಳಿದ ಏಳನ್ನು ಅತ್ತೆ ಹಿತ್ತಿಲಿನಲ್ಲಿ ಒಡೆದು ನೋಡಿದರು. ಎಲ್ಲದರಲ್ಲೂ ಕಣ್ಣು, ಕೊಕ್ಕು, ಪುಕ್ಕ ಬಂದು ಸತ್ತ ಮರಿ. ಬೀದಿಯ ಹೆಂಗಸರು ಸುತ್ತ ನಿಂತಿದ್ದರು. ಅತ್ತೆ ನನ್ನ ಕಡೆ ತಿರುಗಿದರು.

“ನೀನೇನಾದ್ರೂ ಮುಟ್ದೇನೇ?”

“ನಾನ್ಯಾಕ್ ಮುಟ್ಲಿ? ಇಟ್ಟೋರು ಅಕ್ಕಯ್ಯಮ್ಮ ಅಲ್ವಾ?”

ಅಷ್ಟೇ. ಯಾರ ಮುಂದೆಯೂ ತಲೆಯೆತ್ತಿ ಮಾತಾಡದ ನನ್ನ ಬಾಯಿಂದ ಅಷ್ಟು ಸಲೀಸಾಗಿ ಬಂತು. ಅಕ್ಕಯ್ಯಮ್ಮ ಅಲ್ಲೇ ಇದ್ದರು. ಅವರು ನನ್ನ ಮುಖ ನೋಡಲಿಲ್ಲ, ತಮ್ಮ ಅಂಗೈ ನೋಡಿಕೊಂಡರು.

ನಾಲ್ಕು ಮರಿಗಳೂ ರೆಕ್ಕೆ ಇಳಿಬಿಟ್ಟು, ಕಣ್ಣು ಮುಚ್ಚಿ ತೂಕಡಿಸುತ್ತಿದ್ದವು. ಬಿಳಿ ಭೇದಿ ಹಿಡಿಯಿತು. ನಾನು ಬಿಸಿಬೂದಿ ತುಂಬಿದ ಗಡಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಟ್ಟೆ, ಅರಿಶಿನದ ನೀರನ್ನು ಬೆರಳ ತುದಿಯಿಂದ ಹನಿಸಿದೆ, ರಾಗಿಹಿಟ್ಟು ಕಲಸಿ ಕೊಕ್ಕಿಗೆ ಹಚ್ಚಿದೆ. “ನಮ್ ಸೊಸೆ ನೋಡಿ ಕಲೀಬೇಕು, ಹೆತ್ತ ಮಕ್ಕಳಂಗೆ ನೋಡ್ಕತಾವ್ಳೆ,” ಎಂದು ಅತ್ತೆ ಬಾವಿಕಟ್ಟೆಯಲ್ಲಿ ಹೇಳಿಕೊಂಡು ಬಂದರು. ಮದುವೆಯಾದ ಮೇಲೆ ಅವರು ನನ್ನನ್ನು ಹೊಗಳಿದ್ದು ಅದೇ ಮೊದಲು. ಅಕ್ಕಯ್ಯಮ್ಮ ದಿನವೂ ಬಂದು ನನ್ನ ಪಕ್ಕ ಕೂರುತ್ತಿದ್ದರು, ಆದರೆ ಮರಿಗಳನ್ನು ಮುಟ್ಟುತ್ತಿರಲಿಲ್ಲ. ಒಂದು ದಿನ ಕೇಳಿದರು, “ನೀನು ಪಕ್ಕದಲ್ಲೇ ಇದ್ಯಲ್ಲೇ ಸುಶೀಲಮ್ಮ, ನಾ ಇಡೋವಾಗ ಏನ್ ತಪ್ಪು ಮಾಡ್ದೆ ಹೇಳೇ?”

ನಾನು ಮರಿಯ ಬಾಯಿಗೆ ಇನ್ನೊಂದು ಹನಿ ನೀರು ಬಿಟ್ಟೆ.

ಹತ್ತು ದಿನದೊಳಗೆ ನಾಲ್ಕೂ ಸತ್ತವು. ಮುಂದಿನ ಬೆಳೆಗೆ ಹುಳು ಎದ್ದಾಗ ನಮ್ಮ ಮನೆಯವರು ಬೇರೆ ಯಾರನ್ನೋ ಕರೆದರು. ನಮ್ಮನ್ನು ನೋಡಿ ಪಕ್ಕದವರು, ಅವರನ್ನು ನೋಡಿ ಊರವರು. ಯಾರೂ ಜಗಳವಾಡಲಿಲ್ಲ, ಬೈಯಲಿಲ್ಲ — ಕರೆಯಲಿಲ್ಲ, ಅಷ್ಟೇ. ಏನು ಕೆಟ್ಟರೂ “ಅಕ್ಕಯ್ಯಮ್ಮನ ಕೈ” ಎನ್ನುವ ಮಾತು ಹುಟ್ಟಿದ್ದು ಆಗಲೇ. ಅಕ್ಕಯ್ಯಮ್ಮ ಮತ್ತೆ ಯಾರ ಮನೆಯ ಮುಂದಿನ ಬಾಗಿಲನ್ನೂ ಹೊಕ್ಕಿದ್ದು ನಾನು ಕಾಣೆ.

ಒಂದೆರಡು ವರ್ಷದ ಮೇಲೆ, ನನಗೆ ಮಗುವಾಗಿ ಮೂರು ತಿಂಗಳಾಗಿದ್ದಾಗ, ಅತ್ತೆ ಊರಲ್ಲಿ ಇಲ್ಲದ ದಿನ ನೋಡಿ, ಮಡಿಲಲ್ಲಿ ಒಂಬತ್ತು ನಾಟಿ ಮೊಟ್ಟೆ ಕಟ್ಟಿಕೊಂಡು ಆಕೆಯ ಮನೆಗೆ ಹೋದೆ. ಆಕೆ ಇಟ್ಟು, ಅವು ಒಡೆದರೆ, ಊರಿಗೆ ತೋರಿಸಬಹುದು — ನಾನು ಏನೂ ಹೇಳದೆಯೇ ಎಲ್ಲ ಸರಿಹೋಗುತ್ತದೆ ಎಂಬ ನನ್ನ ಜಾಣತನ. ಅಕ್ಕಯ್ಯಮ್ಮ ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

“ಬ್ಯಾಡ ಕಣಮ್ಮ. ಬಾಣಂತಿ ಮನೆ ನಿಂದು. ನನ್ ಕೈ ಸೋಕಿಸ್ಬೇಡ.”

ಊರು ನಂಬಿದ್ದನ್ನು ನಾನು ಹೇಗೋ ತಡೆದುಕೊಂಡಿದ್ದೆ. ಆಕೆಯೇ ಅದನ್ನು ನಂಬಿದ್ದರು. ಆಗಲಾದರೂ ಹೇಳಬೇಕಿತ್ತು, ಎದುರಿಗೇ ಇದ್ದರು, ಇಬ್ಬರೇ ಇದ್ದೆವು. ಮೊಟ್ಟೆ ಕಟ್ಟಿಕೊಂಡು ವಾಪಸು ಬಂದೆ. ಆಮೇಲೆ ಆಕೆ ಮಂಚೇನಹಳ್ಳಿಗೆ ಮಗಳ ಮನೆಗೆ ಹೋದರು. ಅಲ್ಲಿ ಮೊಮ್ಮಗುವನ್ನೂ ಎತ್ತಿಕೊಳ್ಳಲು ಹಿಂಜರಿಯುತ್ತಿದ್ದರಂತೆ. ಅಲ್ಲೇ ತೀರಿಕೊಂಡರು.

ಅತ್ತೆಯ ಭಯವಿತ್ತು, ಹತ್ತೊಂಬತ್ತು ವರ್ಷ, ನಾಚಿಕೆಯ ಸ್ವಭಾವ — ಇದನ್ನೆಲ್ಲ ಬರೆದು ನೋಡಿದೆ, ಹೊಡೆದುಹಾಕಿದೆ. ಅತ್ತೆ ನಾಲ್ಕು ಬೈದು, ಹೆಚ್ಚೆಂದರೆ ಒಂದು ಏಟು ಕೊಟ್ಟು, ಊಟದ ಹೊತ್ತಿಗೆ ಮರೆಯುತ್ತಿದ್ದರು. ಅವರು ಸತ್ತ ಮೇಲೂ ನಾನು ಬಾಯಿ ಬಿಡಲಿಲ್ಲವಲ್ಲ, ಆಗ ಯಾರ ಭಯ? ನಿಮ್ಮ ತಾತ ಹೋದ ವರ್ಷ, ನನ್ನನ್ನು ಮೊದಲ ಸಲ ಒಂದು ಮನೆಯ ಆರತಿಯಿಂದ ಮೆಲ್ಲಗೆ ಪಕ್ಕಕ್ಕೆ ಸರಿಸಿದಾಗ, ನಾನು ಆಕೆಯಿಂದ ಕಿತ್ತುಕೊಂಡದ್ದು ಏನೆಂದು ತಿಳಿಯಿತು. ತಿಳಿದ ಮೇಲೂ ಇಷ್ಟು ವರ್ಷ ಸುಮ್ಮನಿದ್ದೆ.

ಆಕೆಯ ಮಗಳು ಮಂಚೇನಹಳ್ಳಿಯಲ್ಲಿ ಇನ್ನೂ ಇದ್ದಾರೆ. ಸೋಮವಾರ ಬೆಳಗಿನ ಬಸ್ಸಿಗೆ ಹೋಗುತ್ತೇನೆ. ಈ ಕಾಗದವನ್ನು ಹೋಗುವ ಮುಂಚೆಯೇ ನಿಮ್ಮ ಕೈಗೆ ಕೊಡುತ್ತಿರುವುದು ನನ್ನನ್ನು ನಾನು ಬಲ್ಲೆ ಎಂಬ ಕಾರಣಕ್ಕೆ. ಅಲ್ಲಿ ಕಾಫಿ ಕುಡಿದು, ಅದೂ ಇದೂ ಮಾತಾಡಿ, ಹೇಳದೆಯೇ ಎದ್ದು ಬರುವವಳು ನಾನು. ಬಂದ ಮೇಲೆ “ಹೋಗಿದ್ದೆ” ಎಂದರೆ ಸಾಕೆನ್ನಬೇಡಿ. ಆಕೆಯ ಮಗಳು ಏನೆಂದರು ಎಂದು ಕೇಳಿ. ನಾನು ತಡವರಿಸಿದರೆ, ಮತ್ತೆ ಬಸ್ಸು ಹತ್ತಿಸಿ.